ಒಂದು ದಿನಕ್ಕೆ ದೊರೆಯ ಕಣ್ಣು

ಚೌ... ಚೌರಿ... ಅಲ್ಲ, ಅದಲ್ಲ. ನೆಲದ ಮೇಲೆ ಮನೆ ಬರೆದು, ನಾಲ್ಕು ಕವಡೆ ಉರುಳಿಸಿ, ಕಾಯಿ ನಡೆಸುವ ಆಟ. ನಮ್ಮೂರಲ್ಲಿ ಅದಕ್ಕೊಂದು ಹೆಸರಿತ್ತು. ಈ ದೂರದೂರಿಗೆ ಬಂದ ಮೇಲೆ ಆಡುವವರೂ ಇಲ್ಲ, ಹೆಸರೆತ್ತುವವರೂ ಇಲ್ಲ. ಹೋಗಲಿ, ಕವಡೆಯಾಟ ಅನ್ನೋಣ. ಹೆಸರಿಗಾಗಿ ಕತೆ ನಿಲ್ಲುವುದು ಬೇಡ.

ಗವಿಗುಡ್ಡದ ದೊರೆ ಬೊಮ್ಮಲಿಂಗ ನಾಯಕನಿಗೆ ಆ ಆಟವೆಂದರೆ ಪ್ರಾಣ. ಆದರೆ ಆಸ್ಥಾನದಲ್ಲಿ ಯಾರು ಎದುರು ಕೂತರೂ ಬೇಕೆಂದೇ ಸೋಲುತ್ತಿದ್ದರು. ಹಾಗೆ ಸೋತು ಸೋತೇ ಅವನಿಗೆ ಮನುಷ್ಯರ ಮೇಲಿದ್ದ ನಂಬಿಕೆಯನ್ನು ಕೆಡಿಸಿಬಿಟ್ಟಿದ್ದರು. ಮುಲಾಜಿಲ್ಲದೆ ಅವನನ್ನು ಸೋಲಿಸುತ್ತಿದ್ದವಳು ಒಬ್ಬಳೇ, ಅವನ ತಂಗಿ ಕೆಂಪಾಜಿ.

“ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ” ಎಂದು ದೊರೆ ಮೀಸೆ ತಿರುವುತ್ತಿದ್ದ. “ಪ್ರಜೆ ಜೈ ಅಂದರೆ ಕಂದಾಯ ಇಳಿಸು ಅಂತ ಅರ್ಥ. ಪಕ್ಕದ ದೊರೆ ತಬ್ಬಿಕೊಂಡರೆ, ಚೂರಿ ಹಾಕಲು ಬೆನ್ನಿನ ಅಗಲ ನೋಡುತ್ತಿದ್ದಾನೆ ಅಂತ ಅರ್ಥ. ಪ್ರೀತಿಯೂ ರಾಜಕಾರಣವೂ ಒಂದೇ ಸಂತೆಯ ಸರಕು!”

ಅಂಥವನ ಹತ್ತಿರ ನೆಲ್ಲಿಕೋಟೆಯ ಸಿಂಗಪ್ಪ ನಾಯಕ ಹೆಣ್ಣು ಕೇಳಿ ಬಂದ. ಕೆಂಪಾಜಿಗೂ ಅವನ ಮೇಲೆ ಮನಸ್ಸಿತ್ತು.

ದೊರೆ ಆಸ್ಥಾನದ ಜಾಣ ಓಬಣ್ಣನನ್ನು ಕರೆಸಿದ.

“ಅವನಿಗೆ ಬೇಕಿರುವುದು ನನ್ನ ತಂಗಿಯೋ, ನನ್ನ ಕೋಟೆಯೋ? ಅವನ ಪ್ರೀತಿಯಲ್ಲಿ ಸ್ವಾರ್ಥದ ಒಂದೆಳೆಯೂ ಇಲ್ಲ ಅಂತ ನಾಳೆಯೊಳಗೆ ತೋರಿಸು. ಆಗದಿದ್ದರೆ ಮದುವೆಯೂ ಇಲ್ಲ, ಈ ಕೋಟೆಯಲ್ಲಿ ನಿನಗೆ ಜಾಗವೂ ಇಲ್ಲ.”

“ಬಂಡಿ ತುಂಬ ಮಾವಿನಹಣ್ಣು ಕಳಿಸಿದ್ದಾರಲ್ಲ ಬುದ್ಧಿ?”

“ಲಂಚ!”

“ಕಳಿಸದೆ ಇದ್ದಿದ್ದರೆ?”

“ಜಿಪುಣ!”

“ನಿಮ್ಮ ಜೊತೆ ಕವಡೆಯಾಡಿ ಸೋತರೆ?”

“ಬೆಣ್ಣೆ ಹಚ್ಚುತ್ತಿದ್ದಾನೆ!”

“ಗೆದ್ದರೆ?”

“ಬೆಣ್ಣೆ ಹಚ್ಚುವವನಲ್ಲ ಅಂತ ತೋರಿಸಿಕೊಂಡು ಬೆಣ್ಣೆ ಹಚ್ಚುತ್ತಿದ್ದಾನೆ!”

ಓಬಣ್ಣ ತಲೆ ಕೆರೆದುಕೊಂಡ. ಅಪ್ಪ, ಅಜ್ಜ ಬಾಳಿದ ಮನೆ ಬಿಟ್ಟು ಎಲ್ಲಿಗೆ ಹೋಗುವುದು? ಬಾಗಿಲ ಮರೆಯಿಂದ ಕೆಂಪಾಜಿ ಪಿಸುಗುಟ್ಟಿದಳು: “ಏನು ಓಬಣ್ಣ, ನಿನಗೆ ನಾಲಿಗೆ ಇರುವುದು ಉಣ್ಣುವುದಕ್ಕೆ ಮಾತ್ರವಾ?”

ಓಬಣ್ಣ ಮತ್ತೆ ದೊರೆಯತ್ತ ತಿರುಗಿದ. “ಬುದ್ಧಿ, ನನ್ನ ಕಣ್ಣಿನಿಂದ ಇದು ಆಗುವ ಕೆಲಸವಲ್ಲ. ಒಂದು ದಿನಕ್ಕೆ ನಿಮ್ಮ ಕಣ್ಣನ್ನು ಎರವಲು ಕೊಡಿ. ಎಲ್ಲವನ್ನೂ ನಿಮ್ಮ ಹಾಗೇ ನೋಡುತ್ತೇನೆ. ಕಂಡದ್ದೆಲ್ಲ ನಿಜ ಅಂತ ಒಪ್ಪುತ್ತೀರಾ?”

“ಒಪ್ಪದೆ ಏನು! ನನ್ನ ಕಣ್ಣು ತಪ್ಪುವುದಿಲ್ಲ. ತೆಗೆದುಕೊಂಡು ಹೋಗು!”

ಮರುದಿನ ಓಬಣ್ಣ ಬೆನ್ನಿಗೆ ಹತ್ತಿದ ಹೊಟ್ಟೆ ಹೊತ್ತು ಸಭೆಗೆ ಬಂದ.

“ಯಾಕೋ, ಮುಖ ಬಾಡಿದೆ?”

“ನಿಮ್ಮ ಕಣ್ಣಿನ ಉಪಕಾರ ಬುದ್ಧಿ. ನಿನ್ನೆ ಉಣ್ಣಲು ಕೂತೆ. ನನ್ನ ಹೆಂಡತಿ ಹೊನ್ನಕ್ಕ ಮುದ್ದೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಬಿಟ್ಟಳು. ನನ್ನ ಕಣ್ಣಾಗಿದ್ದರೆ ಸುಮ್ಮನೆ ನುಂಗುತ್ತಿದ್ದೆ. ನಿಮ್ಮದರಲ್ಲಿ ನೋಡಿ, ‘ಏನೇ, ಏನು ಬೇಕಾಗಿದೆ ನಿನಗೆ?’ ಅಂದೆ. ‘ಏನೂ ಬೇಡ’ ಅಂದಳು. ‘ಏನೂ ಬೇಡ ಅನ್ನುವವರಿಗೇ ಎಲ್ಲ ಬೇಕು’ ಅಂದೆ. ಗಂಗಳ ಎತ್ತಿಕೊಂಡು ಹೋಗಿ ಬೀದಿ ನಾಯಿಗೆ ಸುರಿದಳು. ‘ಇದಾದರೂ ಯಾಕೆ ಹಾಕಿದೆ ಅಂತ ಕೇಳುವುದಿಲ್ಲ’ ಅಂದಳು.”

ಸಭೆಯೆಲ್ಲ ಗೊಳ್ಳೆಂದಿತು. ದೊರೆ ತೊಡೆ ತಟ್ಟಿದ. “ನೋಡಿದೆಯಾ! ಅವಳಿಗೆ ಏನೋ ಬೇಕಿತ್ತು!”

“ಬೇಕಿತ್ತು ಬುದ್ಧಿ. ಬೆಳಿಗ್ಗೆ ಕಾಲು ಹಿಡಿದು ಕೇಳಿದೆ. ನಾನು ಹೊಟ್ಟೆ ತುಂಬ ಉಣ್ಣುವುದು ಬೇಕಿತ್ತಂತೆ! ಸಿಂಗಪ್ಪ ನಾಯಕರಿಗೂ ಅಂಥದ್ದೇನೋ ಬೇಕಿದ್ದೇ ಇರುತ್ತದೆ. ಇಲ್ಲ ಅಂತ ನಾನು ತೋರಿಸಲಾರೆ.”

“ಹಾಗಾದರೆ ಸೋತೆ. ಗಂಟುಮೂಟೆ ಕಟ್ಟು.”

“ಕಟ್ಟುತ್ತೇನೆ. ಆದರೆ ಎರವಲು ಕಣ್ಣು ಹಿಂದಿರುಗಿಸುವ ಮುಂಚೆ ಅದರಲ್ಲಿ ಇನ್ನೊಬ್ಬರನ್ನೂ ನೋಡಿಬಿಟ್ಟೆ. ಒಬ್ಬ ಅಣ್ಣ. ಊರೆಲ್ಲ ಅವನಿಗೆ ಬೇಕೆಂದೇ ಸೋಲುತ್ತದೆ. ಸೋಲಿಸುವವಳು ತಂಗಿಯೊಬ್ಬಳೇ. ಅವಳು ಹೋದರೆ ಅವನ ಆಟ ಸಪ್ಪೆ. ಅದಕ್ಕೇ ಬಂದ ಗಂಡಿನಲ್ಲಿ ಹುಳುಕು ಹುಡುಕುತ್ತಾನೆ, ಅದಕ್ಕೆ ತಂಗಿಯ ಮೇಲಿನ ಅಕ್ಕರೆ ಅಂತ ಹೆಸರಿಡುತ್ತಾನೆ. ಕಂಡದ್ದೆಲ್ಲ ನಿಜ ಅಂತ ನೀವೇ ಒಪ್ಪಿದ್ದೀರಿ.”

ಬಾಗಿಲ ಬಳಿ ನಿಂತಿದ್ದ ಕೆಂಪಾಜಿ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

“ನಾನು ಅಷ್ಟು ನೀಚನೇನೋ?” ದೊರೆಯ ದನಿ ಸಣ್ಣದಾಗಿತ್ತು.

“ಅದು ನಿಮ್ಮ ಕಣ್ಣಿಗೆ ಕಂಡದ್ದು ಬುದ್ಧಿ. ನನ್ನ ಕಣ್ಣಿಗೆ ಕಾಣುವವನು ಬೇರೆ. ತಂಗಿ ಹೊರಟು ನಿಂತರೆ ಎಲ್ಲರೆದುರು ಅಳು ಬಂದುಬಿಡುತ್ತದೆ ಅಂತ ಹೆದರಿದ ಅಣ್ಣ. ಈಗ ಹೇಳಿ, ಯಾವ ಕಣ್ಣು ಇಟ್ಟುಕೊಳ್ಳುತ್ತೀರಿ?”

ದೊರೆ ತಂಗಿಯತ್ತ ನೋಡಿದ. ಕಣ್ಣೊರೆಸಿಕೊಂಡ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ.

“ನನ್ನದನ್ನು ಕೆರೆಗೆ ಎಸೆ! ಮದುವೆಗೆ ದಿನ ನೋಡಿಸಿ. ಓಬಣ್ಣನ ಮನೆಗೆ ಒಂದು ಕರೆಯುವ ಎಮ್ಮೆ ಹೊಡೆಸಿ, ತುಪ್ಪಕ್ಕೆ ಕೊರತೆಯಾಗದಿರಲಿ.” ತಟ್ಟನೆ ಅವನ ಮುಖ ಇಳಿಯಿತು. “ಆದರೆ ಓಬಣ್ಣ, ಇನ್ನು ನನ್ನನ್ನು ಸೋಲಿಸುವವರು ಯಾರೋ?”

“ಸಿಂಗಪ್ಪ ನಾಯಕರಿದ್ದಾರಲ್ಲ ಬುದ್ಧಿ. ಹೆಣ್ಣು ಕೈಗೆ ಬಂದ ಮೇಲೆ ಅವರು ಸೋಲುವುದಕ್ಕೆ ಕಾರಣವೇ ಇಲ್ಲ!”

...ಚೌಕಾಬಾರ! ಬಂತು ನೋಡು, ಚೌಕಾಬಾರ! ಮತ್ತೆ ಮರೆಯುವುದರೊಳಗೆ ಬರೆದಿಡೇ ಪುಟ್ಟಿ. ಅಜ್ಜಿ ಇಷ್ಟು ಹೊತ್ತು ಕತೆ ಹೇಳಿದ್ದು ಬರೀ ಮೊಮ್ಮಗಳ ಮೇಲಿನ ಪ್ರೀತಿಗೆ ಅಂದುಕೊಂಡೆಯಾ? ಬರಿ, ಬರಿ.