ಕಾಟಯ್ಯ ಸಂಬಳ ತುಂಬಿಕೊಂಡದ್ದು

ಕಾರಹುಣ್ಣಿಮೆಯ ಮಾರನೆಯ ದಿನ ಕಾಟಯ್ಯ ಮೊದಲ ಸಲ ಮನೆ ಬಿಟ್ಟು ಹೊರಟ. ಯಾಕೆ ಹೊರಟ ಅಂತೀರಾ? ಅವರಪ್ಪ ಪಾಳೇಗಾರರ ಕೋಟೆಯಲ್ಲಿ ಈಟಿ ಹಿಡಿದ ಭಟ. ಅದಕ್ಕೆ ಒಂದು ಹೊಲ ಬಿಟ್ಟುಕೊಟ್ಟಿದ್ದರು. ಅಪ್ಪ ಸತ್ತ. ಮನೆಯಿಂದ ಒಬ್ಬ ಈಟಿ ಹಿಡಿದರೆ ಹೊಲ ಉಂಟು, ಇಲ್ಲದಿದ್ದರೆ ಇಲ್ಲ. ಇದ್ದವನು ಇವನೊಬ್ಬ!

"ಹೊಲ ಹೋದ್ರೆ ನಾನು ಉಣ್ಣೋದೇನು ಮಗನೇ? ಅವರು ಹೇಳಿದಂಗೆ ಕೇಳಪ್ಪ," ಅಂದಳು ತಾಯಿ ಪಾಲವ್ವ.

"ಹ್ಞೂಂ," ಅಂದ. ನಡೆದ.

ಬೆಟ್ಟದ ಮೇಲೆ ಮಂಜೋ ಮಂಜು. ಕೋಟೆ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು, ತಿಳಿಯದು. ಭಟರ ಮೇಲಿನ ಗುರಿಕಾರ ತಿಪ್ಪಣ್ಣ ಉಗ್ರಾಣದಿಂದ ಈಟಿ ತೆಗೆಸಿಕೊಟ್ಟ. "ಮಂಜು ತಾಗಿಸಬೇಡ ಕಣಲೇ, ತುಕ್ಕು ಹಿಡೀತದೆ! ಕಂಬಳಿ ಹೊದಿಸು!"

ಬೆಳಗ್ಗೆ ಎಲ್ಲರೂ ಸಾಲಾಗಿ ನಿಂತರು. ಕಾಟಯ್ಯನದು ಬರಿಗೈ.

"ಈಟಿ ಎಲ್ಲಲೇ?"

"ಕಂಬಳಿ ಹೊದ್ದು ಮಲಗೈತೆ, ಧಣಿ. ಮಂಜು ಇನ್ನೂ ಬಿಟ್ಟಿಲ್ಲ."

"ಥೂ ಪೆದ್ದೇ! ಉಗ್ರಾಣದವರು ಕೊಟ್ಟದ್ದು ಕೈಯಲ್ಲೇ ಇರಬೇಕು! ಕೈ ಬಿಟ್ಟು ಇಳೀಬಾರದು!"

"ಹ್ಞೂಂ," ಅಂದ.

ತಿಂಗಳಾಯಿತು. ಹೊಲದ ಜೊತೆಗೆ ಉಗ್ರಾಣದಿಂದ ಅಷ್ಟಿಷ್ಟು ರಾಗಿಯನ್ನೂ ಕೊಡುವ ಪದ್ಧತಿ. ಎಲ್ಲರೂ ಚೀಲ ಒಡ್ಡಿದರೆ ಇವನು ಬೊಗಸೆ ಒಡ್ಡಿದ. ಸುರಿದದ್ದರಲ್ಲಿ ನಿಂತಷ್ಟು ನಿಂತಿತು. ಬೊಗಸೆ ಹಿಡಿದೇ ಬೆಟ್ಟ ಇಳಿದ. ಬೆರಳ ಸಂದಿಯಲ್ಲಿ ರಾಗಿ ಸಣ್ಣಗೆ ಸುರಿಯುತ್ತಿತ್ತು, ಹಿಂದೆ ಗುಬ್ಬಿಗಳು ಕುಪ್ಪಳಿಸಿ ಬರುತ್ತಿದ್ದವು. ಇವನಿಗೆ ಅವುಗಳ ಚಿಲಿಪಿಲಿ ಕೇಳುತ್ತ ನಡೆಯುವುದೇ ಒಂದು ಸುಖ. ಮನೆ ಬಂತು. ಬೊಗಸೆ ಬಿಚ್ಚಿದ. ಅಂಗೈಗೆ ಅಂಟಿದ ನಾಲ್ಕು ಕಾಳು!

"ಅಯ್ಯೋ ನನ್ನ ಕರ್ಮವೇ! ಸಂಬಳ ಅಂದ್ರೆ ಚೀಲಕ್ಕೆ ತುಂಬಬೇಕು ಕಣೋ! ಬಾಯಿ ಬಿಗಿಯಾಗಿ ಕಟ್ಟಬೇಕು! ಹೆಗಲ ಮೇಲೆ ಹೊರಬೇಕು!" ಅಂದಳು ಪಾಲವ್ವ.

"ಹ್ಞೂಂ," ಅಂದ.

ಸುದ್ದಿ ಕೋಟೆಗೆ ಮುಟ್ಟಿತು. ಗುರಿಕಾರನೇ ಇಳಿದು ಬಂದ. "ಇವನು ನಮಗೆ ಬ್ಯಾಡ ತಾಯಿ. ಹೊಲ ಬಿಟ್ಟುಕೊಡು."

ಪಾಲವ್ವ ಕಾಲು ಹಿಡಿದಳು. "ಹೊಲ ಕಿತ್ಕೊಂಡ್ರೆ ಮಣ್ಣು ತಿನ್ನಲಾ ನನ್ನಪ್ಪಾ?"

ಗುರಿಕಾರ ತಲೆ ಕೆರೆದುಕೊಂಡ. "ಬಡಗಣ ಗುಡ್ಡದ ಕಾವಲಿಗೆ ಆಳಿಲ್ಲ. ಅಲ್ಲಿರೋದು ಮೋಡ ಒಂದೇ, ಕೆಡಿಸೋಕೆ ಬೇರೇನೂ ಇಲ್ಲ. ಏ ಕಾಟಯ್ಯ, ನಾಳೆ ಬೆಳಗ್ಗೆ ಅಲ್ಲಿಗೆ ಹೊರಡು. ಈ ಹೊಲವೇ ನಿನ್ನ ಸಂಬಳ, ತಿಳೀತಾ?"

"ಹ್ಞೂಂ," ಅಂದ.

ಹೊಲ ಉಳಿಯಿತು! ಪಾಲವ್ವ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಬೆಳಗ್ಗೆ ಎದ್ದರೆ ಮಗನಿಲ್ಲ, ಗುದ್ದಲಿಯಿಲ್ಲ, ಮನೆಯಲ್ಲಿ ಒಂದು ಚೀಲವೂ ಇಲ್ಲ. ಹೊಲಕ್ಕೆ ಓಡಿದಳು. ಮಂಜಿನಲ್ಲಿ ಸಾಲಾಗಿ ಮಣ್ಣಿನ ಚೀಲಗಳು ನಿಂತಿದ್ದವು. ಒಂದೊಂದರ ಬಾಯಿಯೂ ಬಿಗಿ. ಕಟ್ಟಿನ ಸಂದಿಯಲ್ಲಿ ರಾಗಿ ಪೈರಿನ ಹಸಿರು ತುದಿ ಇಣುಕುತ್ತಿತ್ತು.

"ಏನೋ ಇದು ಮುಂಡೇದೇ!"

"ಸಂಬಳ ಕಣವ್ವ, ತುಂಬ್ತಾ ಇದ್ದೀನಿ. ಬದು ಒಂದು ಉಳಿದೈತೆ. ಈ ಚೀಲದ ಬಾಯಿ ಹಿಡ್ಕೋ ಬಾ, ಕಟ್ಟಿ ಹೊರಟುಬಿಡ್ತೀನಿ."