ಗಿಡ್ಡ ಕೋಲಿನ ಅರ್ಧ ಇಂಚು

ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಆಟಗಾರ ಉತ್ತಯ್ಯನ ಚೀಲದಲ್ಲಿ, ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡನ್ನು ಹಾರಿಸುವ ಗಿಡ್ಡ ಕೋಲೊಂದಿತ್ತು. ಗಿಡ್ಡವಾದಷ್ಟೂ ಹಾರಿಸುವುದು ಸಲೀಸೆಂದು ಅದು ಯಜಮಾನನಿಂದ ತನ್ನ ಬುಡವನ್ನು ಮತ್ತೆ ಮತ್ತೆ ಕೊಯ್ಯಿಸಿಕೊಳ್ಳುತ್ತಿತ್ತು.

“ಸಾಕು ತಮ್ಮಾ, ನಿಯಮದಲ್ಲಿ ಕೋಲಿಗೊಂದು ಕನಿಷ್ಠ ಅಳತೆಯಿದೆ,” ಎಂದಿತು ಆಟ ಆರಂಭಿಸುವ ದಪ್ಪ ಕೋಲು.

“ಮೊದಲ ಹೊಡೆತ ಮುಗಿಸಿ ಗೋಡೆಗೊರಗುವವನು ನೀನು. ಹಾರಾಟದ ಮಾತು ನಿನಗ್ಯಾಕಣ್ಣ?” ಎಂದು ಗಿಡ್ಡ ಕೋಲು ನಕ್ಕಿತು.

ಫೈನಲ್ ದಿನ ತೀರ್ಪುಗಾರ ಟೇಪು ಹಿಡಿದ. “ಅರ್ಧ ಇಂಚು ಕಮ್ಮಿ. ಇದು ಚೀಲದಲ್ಲೇ ಇರಲಿ,” ಎಂದ.

ಕೊನೆಯ ಆಟದಲ್ಲಿ ಉತ್ತಯ್ಯನ ದಾರಿಗೆ ಚೆಂಡೊಂದು ಅಡ್ಡ ಬಂತು. ಮಾಮೂಲಿ ಕೋಲಿನಲ್ಲೇ ಹಾರಿಸಲು ಹೋದ. ಬಿಳಿ ಚೆಂಡು ಅಡ್ಡ ನಿಂತ ಚೆಂಡಿಗೇ ಬಡಿದು ಆಟ ಎದುರಾಳಿಯ ಪಾಲಾಯಿತು.

“ನಾನಿದ್ದಿದ್ದರೆ ಹಾರಿಸುತ್ತಿದ್ದೆ!” ಎಂದು ಗಿಡ್ಡ ಕೋಲು ಚೀಲದೊಳಗೇ ಅತ್ತಿತು.

“ಹೌದು ತಮ್ಮಾ,” ಎಂದಿತು ದಪ್ಪ ಕೋಲು. “ಇರುವುದಕ್ಕೇ ಆ ಅರ್ಧ ಇಂಚು ಬೇಕಿತ್ತು.”