ಝೋಫಿಯಾ ಅಜ್ಜಿಯ ಬಿತ್ತನೆ ಗಡ್ಡೆ

ಸ್ಲೊವಾಕಿಯಾದ ಒಂದು ಬೆಟ್ಟದ ತಪ್ಪಲಿನಲ್ಲಿ ಝೋಫಿಯಾ ಎಂಬ ಅಜ್ಜಿ ಇದ್ದಳು. ಅವಳಿಗೆ ನೂರು ವರ್ಷ. ಏಳನೆಯ ವಯಸ್ಸಿಗೆ ಹೊಲದ ಕೆಲಸಕ್ಕೆ ಇಳಿದವಳು ಇನ್ನೂ ಬಿಟ್ಟಿರಲಿಲ್ಲ.

ವೆಂದೆಲಿನ್ ಅವಳ ಶಿಷ್ಯ. ಪಟ್ಟಣದಲ್ಲಿ ಮೇಷ್ಟರಾಗಿದ್ದವನು, ನಲವತ್ತು ದಾಟಿದ ಮೇಲೆ ಬೇಸಾಯ ಕಲಿಯಲು ಬಂದು ಅವಳಲ್ಲೇ ಉಳಿದಿದ್ದ. ಅಜ್ಜಿ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ಮಾಡುವುದನ್ನು ನೋಡಿ ಅವನು ಕಲಿಯುತ್ತಿದ್ದ.

ಆ ವಸಂತದಲ್ಲಿ ಹಿಮ ಕರಗಿ ಹೊಳೆ ಉಕ್ಕಿತು. ಅದೇ ಊರಿನ ಮೆತೋದನ ಮನೆ ದಂಡೆಯ ಮೇಲಿತ್ತು; ಅದರ ನೆಲಮಾಳಿಗೆಗೆ ನೀರು ನುಗ್ಗಿತು. ಬಿತ್ತನೆಗೆಂದು ಇಟ್ಟಿದ್ದ ಆಲೂಗಡ್ಡೆ ಅಷ್ಟೂ ಕೊಳೆಯಿತು.

ಒಂದು ಬೆಳಗ್ಗೆ ಮೆತೋದನ ಮಗಳು ಅಜ್ಜಿಯ ಬಾಗಿಲಿಗೆ ಬಂದಳು. ವೆಂದೆಲಿನ್ ಬಾಗಿಲು ತೆರೆದ.

"ಒಂದು ಚೀಲ ಬಿತ್ತನೆ ಗಡ್ಡೆ ಸಿಗಬಹುದೇ?"

"ನಿಮ್ಮಪ್ಪನಿಗೆ ಈಗ ಈ ಮನೆಯ ದಾರಿ ಗೊತ್ತಾಯಿತೇ?" ಎಂದ ವೆಂದೆಲಿನ್.

ಅವಳು ತಲೆ ತಗ್ಗಿಸಿ ಹೊರಟುಹೋದಳು.

ಮಧ್ಯಾಹ್ನ ವೆಂದೆಲಿನ್ ಇದನ್ನು ಅಜ್ಜಿಗೆ ಹೆಮ್ಮೆಯಿಂದಲೇ ಹೇಳಿದ.

ಅಜ್ಜಿ ಊಟ ಅರ್ಧಕ್ಕೆ ಬಿಟ್ಟು ಎದ್ದಳು. ನೆಲಮಾಳಿಗೆಗೆ ಇಳಿದು, ಒಳ್ಳೆಯ ಮೊಳಕೆ ಬಂದ ಗಡ್ಡೆಗಳನ್ನೇ ಆರಿಸಿ ಆರಿಸಿ ಚೀಲಕ್ಕೆ ಹಾಕತೊಡಗಿದಳು.

"ಅಜ್ಜಿ, ಕಮ್ಯುನಿಸ್ಟರ ಕಾಲದಲ್ಲಿ ನಿಮ್ಮ ಹೊಲವನ್ನು ಬಲವಂತವಾಗಿ ಸರ್ಕಾರದ ಸಹಕಾರಿ ಫಾರ್ಮಿಗೆ ಸೇರಿಸಿದವನು ಅವನು. ಕಾಗದ ಹಿಡಿದು ಬಂದವನು ಅವನೇ. ನಿಮ್ಮ ಕುದುರೆಯನ್ನು ಬಿಚ್ಚಿಕೊಂಡು ಹೋದವನೂ ಅವನೇ!"

"ಹೌದು."

"ನಲವತ್ತು ವರ್ಷ ನಿಮ್ಮ ಹೊಲದಲ್ಲೇ ನೀವು ಕೂಲಿಯಾದಿರಿ!"

"ಹೌದಪ್ಪ. ಮೊದಲನೇ ವರ್ಷ ನಾನೇನು ಮಾಡಿದೆ, ಗೊತ್ತೇ?"

ಅಜ್ಜಿ ಇನ್ನೊಂದು ಗಡ್ಡೆ ಚೀಲಕ್ಕೆ ಹಾಕಿದಳು.

"ಸಿಟ್ಟಿನಲ್ಲಿ ಬೇಕೆಂದೇ ಫಾರ್ಮಿನ ಗಡ್ಡೆಗಳನ್ನು ಆಳಕ್ಕಿಳಿಸದೆ ಮೇಲುಮೇಲೆ ಊರಿದೆ. ಇನ್ನೂ ನಾಲ್ಕು ಜನ ಹೆಂಗಸರು ನನ್ನನ್ನು ನೋಡಿ ಹಾಗೇ ಮಾಡಿದರು. ಆಮೇಲೆ ಕೊರೆಯುವ ಹಿಮ ಬಿದ್ದು ಮೊಳಕೆಯೆಲ್ಲ ಕರಕಲಾಯಿತು."

"ಆಮೇಲೆ?"

"ಚಳಿಗಾಲ ಬಂತು, ಊರಿಗೇ ತಿನ್ನಲು ಗಡ್ಡೆ ಇಲ್ಲ. ಮೆತೋದನ ಕೂಸು ಹಸಿದು ಅತ್ತಿತು. ನನ್ನ ಮಗಳೂ ಅತ್ತಳು. ಆಗ ನಮ್ಮಿಬ್ಬರ ಮನೆಗೂ ಒಂದೇ ಗೋಡೆ; ಅದರ ಆಚೆ ಈಚೆ ಎರಡೂ ಅಳು ಒಂದೇ ಥರ ಕೇಳುತ್ತಿತ್ತು."

ಅಜ್ಜಿ ಚೀಲದ ಬಾಯಿ ಕಟ್ಟಿ ಎತ್ತಲು ನೋಡಿದಳು. ಆಗಲಿಲ್ಲ. ವೆಂದೆಲಿನ್ ಅದನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

ಹೊಳೆಯ ದಾರಿಯಲ್ಲಿ ಅಜ್ಜಿ ಮೂರು ಸಲ ಕೂತು ಸುಧಾರಿಸಿಕೊಂಡಳು.

ಮೆತೋದ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದ. ತೊಂಬತ್ತು ದಾಟಿದ ಮುದುಕ. ಅಜ್ಜಿಯನ್ನು ಕಂಡು ಕೋಲೂರಿ ಎದ್ದು ನಿಂತ, ಟೋಪಿ ತೆಗೆದ.

"ಆಳವಾಗಿ ಊರು, ಮೆತೋದ," ಎಂದಳು ಅಜ್ಜಿ.

ವೆಂದೆಲಿನ್ ಮೆತೋದನ ಮಗಳ ಮುಂದೆ ಚೀಲ ಇಳಿಸಿದ. "ಬೆಳಗ್ಗೆ ನಾನು ಹಾಗೆ ಅನ್ನಬಾರದಿತ್ತು," ಎಂದ. ಅವಳು ತಲೆಯಾಡಿಸಿದಳು.

ಹಿಂತಿರುಗುವಾಗ ವೆಂದೆಲಿನ್ ಕೇಳಿದ:

"ಅಜ್ಜಿ, ಅವನನ್ನು ಕ್ಷಮಿಸಿಬಿಟ್ಟಿರಾ?"

ಅಜ್ಜಿ ನಿಂತು ಉಸಿರು ತೆಗೆದುಕೊಂಡಳು.

"ಅದು ನನಗೆ ಗೊತ್ತಿಲ್ಲ, ವೆಂದೆಲಿನ್. ಬಿತ್ತನೆಗೆ ಮಣ್ಣಿನ ಹದ ಮಾತ್ರ ಇನ್ನು ಎರಡೇ ದಿನ ಇರುತ್ತೆ."